ಡಾ. ಅಲೋಯಿಸ್ ಆಲ್ಝೈಮರ್ (1864–1915): ಜೀವನ ಮತ್ತು ಸಾಧನೆ

ಪೀಠಿಕೆ

ವಯಸ್ಸಾದವರಲ್ಲಿ ಕಾಣಿಸಿಕೊಳ್ಳುವ ಮರೆವಿನ ಕಾಯಿಲೆಗಳ ಪೈಕಿ ಅತಿ ಹೆಚ್ಚಾಗಿ ಕಂಡುಬರುವುದು ಆಲ್ಝೈಮರ್ ಕಾಯಿಲೆ. ಈ ಹೆಸರು ಇಂದು ಎಲ್ಲರಿಗೂ ಪರಿಚಿತವಾಗಿದ್ದರೂ, ಅದು ಜರ್ಮನಿಯ ಒಬ್ಬ ವೈದ್ಯರ ಹೆಸರೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಮುಪ್ಪು ಬಂದ ಮೇಲೆ ಬುದ್ಧಿ ಕುಂದುವುದು ಸಹಜ, ಅದು ಕಾಯಿಲೆಯಲ್ಲ ಎಂಬ ನಂಬಿಕೆ ಈ ಮಾತಿನಲ್ಲಿ ಅಡಗಿದೆ. ನೂರಿಪ್ಪತ್ತು ವರ್ಷಗಳ ಹಿಂದೆ ಯೂರೋಪಿನ ಜನರಲ್ಲಿ ಮಾತ್ರವಲ್ಲದೆ ಅಲ್ಲಿನ ವೈದ್ಯರಲ್ಲಿಯೂ ಬಹುಮಟ್ಟಿಗೆ ಇದೇ ನಂಬಿಕೆ ಇತ್ತು.

ಈ ನಂಬಿಕೆ ಸಡಿಲಗೊಳ್ಳಲು ಕಾರಣರಾದವರಲ್ಲಿ ಡಾ. ಅಲೋಯಿಸ್ ಆಲ್ಝೈಮರ್ ಪ್ರಮುಖರು. ಮರೆವು ಕೇವಲ ವಯಸ್ಸಿನ ಫಲವಲ್ಲ, ಮಿದುಳಿನ ನರಕೋಶಗಳಲ್ಲಿ ಕಣ್ಣಿಗೆ ಕಾಣುವ ಬದಲಾವಣೆಗಳು ಅದರ ಹಿಂದೆ ಇರುತ್ತವೆ ಎಂಬುದನ್ನು ಅವರು ಸೂಕ್ಷ್ಮದರ್ಶಕದ ಮೂಲಕ ತೋರಿಸಿಕೊಟ್ಟರು. ನಾಗರಿಕರ ತಿಳುವಳಿಕೆಗಾಗಿ ಅವರ ಜೀವನದ ವಿವರಗಳನ್ನೂ, ಅವರು ಆರಂಭಿಸಿದ ಕೆಲಸ ಇಂದು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನೂ ಇಲ್ಲಿ ನೀಡಲಾಗಿದೆ.

ಸಂಕ್ಷಿಪ್ತ ವಿವರ

ಜನನ: 14 ಜೂನ್ 1864, ಮಾರ್ಕ್ಟ್‌ಬ್ರೈಟ್, ಬವೇರಿಯ, ಜರ್ಮನಿ
ತಂದೆ: ಎಡುವರ್ಡ್ ಆಲ್ಝೈಮರ್, ನೋಟರಿ
ವೃತ್ತಿ: ಮನೋವೈದ್ಯರು, ಮಿದುಳಿನ ಅಂಗಾಂಶ ತಜ್ಞರು
ಸೇವೆ ಸಲ್ಲಿಸಿದ ಸ್ಥಳಗಳು: ಫ್ರಾಂಕ್‌ಫರ್ಟ್, ಹೈಡಲ್‌ಬರ್ಗ್, ಮ್ಯೂನಿಕ್, ಬ್ರೆಸ್ಲಾವ್
ನಿಧನ: 19 ಡಿಸೆಂಬರ್ 1915, ಬ್ರೆಸ್ಲಾವ್

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೈನ್ ನದಿಯ ದಡದಲ್ಲಿರುವ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಪಟ್ಟಣದಲ್ಲಿ ಆಲ್ಝೈಮರ್ ಅವರು ಜನಿಸಿದರು. ತಂದೆ ಎಡುವರ್ಡ್ ಅವರ ಮೊದಲ ಪತ್ನಿ ಹೆರಿಗೆಯ ನಂತರದ ಜ್ವರದಿಂದ ಮರಣ ಹೊಂದಿದ್ದು, ಅವರು ಆಕೆಯ ತಂಗಿಯನ್ನೇ ವಿವಾಹವಾಗಿದ್ದರು. ಈ ಎರಡನೆಯ ವಿವಾಹದ ಹಿರಿಯ ಮಗನೇ ಅಲೋಯಿಸ್. ಮಕ್ಕಳಿಗೆ ಉತ್ತಮ ಶಾಲೆ ದೊರೆಯಲೆಂಬ ಉದ್ದೇಶದಿಂದ ಕುಟುಂಬವು ಮುಂದೆ ಆಶಾಫೆನ್‌ಬರ್ಗ್ ನಗರಕ್ಕೆ ಸ್ಥಳಾಂತರಗೊಂಡಿತು. ಆಲ್ಝೈಮರ್ ಅವರು 1883ರಲ್ಲಿ ಶಾಲಾ ಶಿಕ್ಷಣವನ್ನು ಪೂರ್ಣಗೊಳಿಸಿದರು. ನಿಸರ್ಗ ವಿಜ್ಞಾನದಲ್ಲಿ ಅವರಿಗಿದ್ದ ವಿಶೇಷ ಆಸಕ್ತಿಯನ್ನು ಅಧ್ಯಾಪಕರು ಆಗಲೇ ಗುರುತಿಸಿದ್ದರು.

ವೈದ್ಯಕೀಯ ಶಿಕ್ಷಣವನ್ನು ಅವರು ಬರ್ಲಿನ್, ಟ್ಯೂಬಿಂಗೆನ್ ಮತ್ತು ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ಪಡೆದರು. ಅಂದಿನ ಜರ್ಮನ್ ವಿದ್ಯಾರ್ಥಿಗಳ ರೂಢಿಯಂತೆ ಕತ್ತಿವರಸೆಯ ಸಂಘವೊಂದರ ಸದಸ್ಯರಾಗಿದ್ದ ಅವರ ಮುಖದ ಮೇಲೆ ಆ ಕಾಲದ ಗಾಯದ ಗುರುತು ಕೊನೆಯವರೆಗೂ ಉಳಿದಿತ್ತು. 1887ರಲ್ಲಿ ಕಿವಿಯ ಗುಗ್ಗೆಯನ್ನು ಉತ್ಪಾದಿಸುವ ಗ್ರಂಥಿಗಳ ಕುರಿತು ಪ್ರಬಂಧ ಮಂಡಿಸಿ ಡಾಕ್ಟರೇಟ್ ಪದವಿ ಪಡೆದರು. ವಿಷಯ ಸಾಮಾನ್ಯವಾದುದೆಂದು ಕಂಡರೂ, ಅಂಗಾಂಶವನ್ನು ತೆಳುವಾಗಿ ಕತ್ತರಿಸಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಂಡುದನ್ನು ಕಂಡಂತೆ ಚಿತ್ರಿಸುವ ಶಿಸ್ತು ಅವರಿಗೆ ಮೈಗೂಡಿದ್ದು ಈ ಅಧ್ಯಯನದಿಂದಲೇ. ಮುಂದಿನ ಅವರ ಎಲ್ಲ ಸಾಧನೆಗೂ ಇದೇ ತಳಹದಿಯಾಯಿತು.

ಫ್ರಾಂಕ್‌ಫರ್ಟ್ ಆಸ್ಪತ್ರೆಯಲ್ಲಿ ಸೇವೆ

1888ರ ಡಿಸೆಂಬರ್ ತಿಂಗಳಿನಲ್ಲಿ ಆಲ್ಝೈಮರ್ ಅವರು ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಹಾಗೂ ಮೂರ್ಛೆ ರೋಗಿಗಳ ಆಸ್ಪತ್ರೆಗೆ ಸಹಾಯಕ ವೈದ್ಯರಾಗಿ ಸೇರಿದರು. ಮಕ್ಕಳ ಪುಸ್ತಕಗಳ ಲೇಖಕರೆಂದೂ ಹೆಸರಾಗಿದ್ದ ಡಾ. ಹೈನ್ರಿಚ್ ಹಾಫ್‌ಮನ್ ಅವರ ಪರಿಶ್ರಮದಿಂದ ಈ ಆಸ್ಪತ್ರೆ ನಿರ್ಮಾಣವಾಗಿತ್ತು. ಆಲ್ಝೈಮರ್ ಸೇರುವ ವೇಳೆಗೆ ಡಾ. ಎಮಿಲ್ ಸಿಯೋಲಿ ಅವರು ಅದರ ನಿರ್ದೇಶಕರಾಗಿದ್ದರು. ರೋಗಿಗಳನ್ನು ಕಟ್ಟಿಹಾಕದೆ, ಬೆಚ್ಚನೆಯ ನೀರಿನ ಸ್ನಾನ, ವಿಶ್ರಾಂತಿ ಹಾಗೂ ಮಾತುಕತೆಯ ಮೂಲಕ ಶಾಂತಗೊಳಿಸುವ ಕ್ರಮವನ್ನು ಅಲ್ಲಿ ಅನುಸರಿಸಲಾಗುತ್ತಿತ್ತು. ಆಲ್ಝೈಮರ್ ಅವರೂ ಈ ಕ್ರಮದ ಬೆಂಬಲಿಗರಾಗಿದ್ದು, ರೋಗಿಯ ಪಕ್ಕದಲ್ಲಿ ಕುಳಿತು ದೀರ್ಘಕಾಲ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು.

ಮರುವರ್ಷ ಡಾ. ಫ್ರಾಂಜ್ ನಿಸ್ಲ್ ಅವರು ಅದೇ ಆಸ್ಪತ್ರೆಗೆ ಬಂದು ಸೇರಿದರು. ನರಕೋಶಗಳಿಗೆ ಬಣ್ಣ ಕಟ್ಟುವ ಹೊಸ ವಿಧಾನವೊಂದನ್ನು ರೂಪಿಸಿದ್ದ ನಿಸ್ಲ್ ಮತ್ತು ಆಲ್ಝೈಮರ್ ಆಪ್ತ ಸ್ನೇಹಿತರಾದರು. ಹಗಲಿನಲ್ಲಿ ವಾರ್ಡುಗಳ ಕೆಲಸ, ರಾತ್ರಿ ಸೂಕ್ಷ್ಮದರ್ಶಕದ ಮುಂದೆ ಅಧ್ಯಯನ, ಇದು ಇಬ್ಬರ ದಿನಚರಿಯಾಗಿತ್ತು. ಸಿಫಿಲಿಸ್ ಸೋಂಕು ಮಿದುಳಿಗೆ ತಗುಲಿ ಬುದ್ಧಿಭ್ರಮೆಗೆ ಒಳಗಾದ ರೋಗಿಗಳು ಅಂದಿನ ಮಾನಸಿಕ ಆಸ್ಪತ್ರೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಅಂತಹವರ ಮಿದುಳಿನಲ್ಲಿ ಯಾವ ಬದಲಾವಣೆಗಳಿರುತ್ತವೆ, ರಕ್ತನಾಳಗಳು ಗಡುಸಾಗಿ ಬುದ್ಧಿ ಕುಂದಿದವರ ಮಿದುಳಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದನ್ನು ಆಲ್ಝೈಮರ್ ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಹೊರಗೆ ಒಂದೇ ರೀತಿ ಕಾಣುವ ಬುದ್ಧಿಕ್ಷಯಕ್ಕೆ ಒಳಗೆ ಬೇರೆ ಬೇರೆ ಕಾರಣಗಳಿರುತ್ತವೆ ಎಂಬುದು ಅವರಿಗೆ ಈ ಹಂತದಲ್ಲಿಯೇ ಮನದಟ್ಟಾಗಿತ್ತು.

ಕುಟುಂಬ ಜೀವನ

1894ರಲ್ಲಿ ಆಲ್ಝೈಮರ್ ಅವರು ಸಿಸಿಲಿ ಗೈಸೆನ್‌ಹೈಮರ್ ಎಂಬ ವಿಧವೆಯನ್ನು ವಿವಾಹವಾದರು. ಶ್ರೀಮಂತ ವ್ಯಾಪಾರಿಯೊಬ್ಬರ ಪತ್ನಿಯಾಗಿದ್ದ ಅವರಿಂದಾಗಿ ಕುಟುಂಬಕ್ಕೆ ಆರ್ಥಿಕ ಭದ್ರತೆ ದೊರೆಯಿತು. ದಂಪತಿಗಳಿಗೆ ಗರ್ಟ್ರೂಡ್, ಹಾನ್ಸ್ ಮತ್ತು ಮರಿಯಾ ಎಂಬ ಮೂವರು ಮಕ್ಕಳು ಜನಿಸಿದರು. ಆದರೆ ಈ ಸಂಸಾರ ಸುಖ ಬಹುಕಾಲ ಉಳಿಯಲಿಲ್ಲ. 1901ರ ಫೆಬ್ರವರಿಯಲ್ಲಿ ಸಿಸಿಲಿ ಅವರು ನಿಧನರಾದರು. ಆಗ ಕಿರಿಯ ಮಗುವಿಗೆ ಇನ್ನೂ ಎಳೆಯ ವಯಸ್ಸು. ಆಲ್ಝೈಮರ್ ಅವರ ತಂಗಿ ಎಲಿಸಬೆತ್ ಬಂದು ಮನೆಯ ಮತ್ತು ಮಕ್ಕಳ ಹೊಣೆಯನ್ನು ವಹಿಸಿಕೊಂಡರು. ಆಲ್ಝೈಮರ್ ಅವರು ಮರುವಿವಾಹವಾಗದೆ ಕೆಲಸದಲ್ಲಿ ಮತ್ತಷ್ಟು ಮಗ್ನರಾದರು. ಅವರ ಹೆಸರನ್ನು ಶಾಶ್ವತಗೊಳಿಸಿದ ರೋಗಿಯು ಆಸ್ಪತ್ರೆಗೆ ದಾಖಲಾದದ್ದು ಅದೇ ವರ್ಷದ ಕೊನೆಯಲ್ಲಿ.

ಆಗುಸ್ಟ ಡೀಟರ್ ಪ್ರಕರಣ

1901ರ ನವೆಂಬರ್ 25ರಂದು ಆಗುಸ್ಟ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ದಾಖಲಿಸಲಾಯಿತು. ಆಕೆಯ ಪತಿ ರೈಲ್ವೆ ಇಲಾಖೆಯ ಗುಮಾಸ್ತರಾಗಿದ್ದರು. ಅಲ್ಲಿಯವರೆಗೆ ಅಚ್ಚುಕಟ್ಟಾಗಿ ಮನೆವಾರ್ತೆ ನಡೆಸುತ್ತಿದ್ದ ಆಕೆ ಪತಿಯ ಮೇಲೆ ವಿನಾಕಾರಣ ಅನುಮಾನ ಪಡತೊಡಗಿದರು. ಅಡುಗೆಯಲ್ಲಿ ತಪ್ಪುಗಳಾಗತೊಡಗಿದವು. ಮನೆಯ ವಸ್ತುಗಳನ್ನು ಬಚ್ಚಿಟ್ಟು ಎಲ್ಲಿಟ್ಟೆನೆಂಬುದನ್ನು ಮರೆಯುತ್ತಿದ್ದರು. ಕಾರಣವಿಲ್ಲದೆ ಭಯಗೊಂಡು ಕೂಗಾಡುತ್ತಿದ್ದರು. ಪರಿಸ್ಥಿತಿ ಮನೆಯಲ್ಲಿ ನಿಭಾಯಿಸಲಾಗದ ಹಂತ ತಲುಪಿದ್ದರಿಂದ ಪತಿಯು ಆಕೆಯನ್ನು ಆಸ್ಪತ್ರೆಗೆ ಕರೆತಂದರು.

ಮರುದಿನ ಆಲ್ಝೈಮರ್ ಅವರು ಆಕೆಯನ್ನು ಭೇಟಿಯಾಗಿ ಪ್ರಶ್ನಿಸಿದರು. ತನ್ನ ಹೆಸರನ್ನು ಆಕೆ ಹೇಳಿದರು. ಪತಿಯ ಹೆಸರನ್ನು ಕೇಳಿದಾಗಲೂ ತನ್ನ ಹೆಸರನ್ನೇ ಹೇಳಿದರು. ಊಟದಲ್ಲಿ ಹೂಕೋಸು ಮತ್ತು ಮಾಂಸವನ್ನು ತಿನ್ನುತ್ತಿದ್ದಾಗ ಏನು ತಿನ್ನುತ್ತಿರುವಿರೆಂದು ಕೇಳಿದ್ದಕ್ಕೆ ಪಾಲಕ್ ಸೊಪ್ಪು ಎಂದರು. ಲೇಖನಿ, ಕೀಲಿಕೈ, ಹಣದ ಚೀಲ ಮುಂತಾದ ವಸ್ತುಗಳನ್ನು ತೋರಿಸಿದಾಗ ಸರಿಯಾಗಿ ಹೆಸರಿಸಿದರೂ, ಸ್ವಲ್ಪ ಹೊತ್ತಿನ ನಂತರ ಏನನ್ನು ತೋರಿಸಲಾಗಿತ್ತೆಂಬುದೇ ಆಕೆಗೆ ನೆನಪಿರಲಿಲ್ಲ. ಹೆಸರನ್ನು ಬರೆಯುವಂತೆ ಕಾಗದ ಕೊಟ್ಟಾಗ ಶ್ರೀಮತಿ ಎಂಬ ಮೊದಲ ಪದವನ್ನು ಬರೆದು ಮುಂದಿನದನ್ನು ಮರೆತರು. ಪ್ರತಿಯೊಂದು ಪದವನ್ನೂ ಬೇರೆಯಾಗಿ ಹೇಳಿಕೊಡಬೇಕಾಯಿತು. ತಾನು ತನ್ನಿಂದಲೇ ಕಳೆದುಹೋಗಿರುವುದಾಗಿ ಆಕೆ ಹಲವು ಬಾರಿ ಹೇಳಿಕೊಂಡರೆಂದು ದಾಖಲೆಗಳಿಂದ ತಿಳಿದುಬರುತ್ತದೆ. ತನಗೇನೋ ಆಗುತ್ತಿದೆ ಎಂಬ ಅರಿವು ರೋಗಿಗೂ ಇರುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಗಿದೆ.

ಆಲ್ಝೈಮರ್ ಅವರ ಗಮನ ಸೆಳೆದ ಮುಖ್ಯ ಅಂಶವೆಂದರೆ ಆಕೆಯ ವಯಸ್ಸು. ಎಪ್ಪತ್ತು, ಎಂಬತ್ತರ ವೃದ್ಧರಲ್ಲಿ ಇಂತಹ ಮರೆವನ್ನು ಕಂಡಾಗ ಮುಪ್ಪಿನ ಬುದ್ಧಿಕ್ಷಯವೆಂದು ಬರೆದು ಮುಗಿಸುವುದು ಅಂದಿನ ಪದ್ಧತಿಯಾಗಿತ್ತು. ಐವತ್ತೊಂದರ ಮಹಿಳೆಗೆ ಆ ವಿವರಣೆ ಸಲ್ಲುವಂತಿರಲಿಲ್ಲ.

ಆಸ್ಪತ್ರೆಯ ವೆಚ್ಚವನ್ನು ಭರಿಸುವುದು ಗುಮಾಸ್ತರಾಗಿದ್ದ ಪತಿಗೆ ಕಷ್ಟವಾಗಿತ್ತು. ಕಡಿಮೆ ವೆಚ್ಚದ ಬೇರೊಂದು ಸಂಸ್ಥೆಗೆ ಆಕೆಯನ್ನು ವರ್ಗಾಯಿಸುವಂತೆ ಅವರು ಕೋರಿದ್ದರು. ಆದರೂ ಆಕೆ ಕೊನೆಯವರೆಗೆ ಫ್ರಾಂಕ್‌ಫರ್ಟ್ ಆಸ್ಪತ್ರೆಯಲ್ಲಿಯೇ ಉಳಿದರು. ವರ್ಷಗಳು ಕಳೆದಂತೆ ಮಾತು ನಿಂತಿತು, ನಡಿಗೆ ನಿಂತಿತು. ಮಲಗಿದಲ್ಲಿಯೇ ಆದ ಹುಣ್ಣುಗಳ ಸೋಂಕಿನಿಂದ 1906ರ ಏಪ್ರಿಲ್ 8ರಂದು ಆಗುಸ್ಟ ಡೀಟರ್ ನಿಧನರಾದರು.

ಮ್ಯೂನಿಕ್‌ನಲ್ಲಿ ಸಂಶೋಧನೆ

ಈ ವೇಳೆಗೆ ಆಲ್ಝೈಮರ್ ಅವರು ಫ್ರಾಂಕ್‌ಫರ್ಟ್ ಬಿಟ್ಟಿದ್ದರು. ಆ ಕಾಲದ ಪ್ರಸಿದ್ಧ ಮನೋವೈದ್ಯ ಪ್ರೊ. ಎಮಿಲ್ ಕ್ರೆಪೆಲಿನ್ ಅವರೊಂದಿಗೆ ಕೆಲಸ ಮಾಡಲು ಹೈಡಲ್‌ಬರ್ಗ್‌ಗೆ ಹೋಗಿ, 1903ರಲ್ಲಿ ಅವರೊಡನೆಯೇ ಮ್ಯೂನಿಕ್‌ಗೆ ತೆರಳಿದರು. ಅಲ್ಲಿ 1904ರಲ್ಲಿ ಆರಂಭವಾದ ಮನೋವೈದ್ಯಕೀಯ ಚಿಕಿತ್ಸಾಲಯದಲ್ಲಿ ಮಿದುಳಿನ ಅಂಗಾಂಶಗಳ ಪ್ರಯೋಗಾಲಯವನ್ನು ಸಜ್ಜುಗೊಳಿಸಿದರು. ಆರಂಭದ ವರ್ಷಗಳಲ್ಲಿ ಅವರು ವೇತನವಿಲ್ಲದೆ, ಪತ್ನಿಯಿಂದ ಬಂದ ಆಸ್ತಿಯ ಆದಾಯದಲ್ಲಿಯೇ ದುಡಿದರು.

ಈ ಪ್ರಯೋಗಾಲಯಕ್ಕೆ ಅನೇಕ ದೇಶಗಳ ಯುವ ವೈದ್ಯರು ಕಲಿಯಲು ಬಂದರು. ಇಟಲಿಯ ಗಯೆಟಾನೊ ಪೆರುಸಿನಿ, ಸ್ಪೇನಿನ ನಿಕೊಲಾಸ್ ಅಚುಕಾರೊ, ಲೈಬೀರಿಯಾದಲ್ಲಿ ಜನಿಸಿ ಅಮೆರಿಕದಲ್ಲಿ ವೈದ್ಯರಾದ ಸಾಲೊಮನ್ ಕಾರ್ಟರ್ ಫುಲ್ಲರ್, ಜರ್ಮನಿಯವರೇ ಆದ ಫ್ರಿಟ್ಜ್ ಲೆವಿ ಹಾಗೂ ಅಲ್ಫೋನ್ಸ್ ಯಾಕೋಬ್ ಅವರಲ್ಲಿ ಪ್ರಮುಖರು. ಆಲ್ಝೈಮರ್ ಅವರು ಒಬ್ಬೊಬ್ಬ ವಿದ್ಯಾರ್ಥಿಯ ಬಳಿಯೂ ಕುಳಿತು ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ತಾಳ್ಮೆಯಿಂದ ವಿವರಿಸುತ್ತಿದ್ದರು. ವಿವರಿಸುವ ಭರದಲ್ಲಿ ಕೈಯಲ್ಲಿದ್ದ ಚುಟ್ಟಾವನ್ನು ಅಲ್ಲಿಯೇ ಮರೆತು ಮುಂದೆ ಹೋಗುತ್ತಿದ್ದರಂತೆ. ಸಂಜೆಯ ವೇಳೆಗೆ ಪ್ರತಿ ಮೇಜಿನ ಮೇಲೂ ಒಂದೊಂದು ಚುಟ್ಟಾದ ತುಂಡು ಉಳಿದಿರುತ್ತಿತ್ತೆಂದು ಅವರ ಬಗ್ಗೆ ಹೇಳಲಾಗುತ್ತದೆ.

ಆಗುಸ್ಟ ಡೀಟರ್ ಅವರ ಮರಣದ ಸುದ್ದಿ ತಿಳಿದ ಆಲ್ಝೈಮರ್ ಅವರು ಆಕೆಯ ಚಿಕಿತ್ಸಾ ದಾಖಲೆ ಮತ್ತು ಮಿದುಳನ್ನು ಮ್ಯೂನಿಕ್‌ಗೆ ತರಿಸಿಕೊಂಡರು. ಮಿದುಳು ಎದ್ದು ಕಾಣುವಷ್ಟು ಕುಗ್ಗಿತ್ತು. ಮ್ಯಾಕ್ಸ್ ಬೀಲ್‌ಶೋವ್‌ಸ್ಕಿ ಎಂಬುವರು ಕೆಲವೇ ವರ್ಷಗಳ ಹಿಂದೆ ರೂಪಿಸಿದ್ದ ಬೆಳ್ಳಿಯ ಲವಣದ ವಿಧಾನದಿಂದ ಮಿದುಳಿನ ತೆಳುಪದರಗಳಿಗೆ ಬಣ್ಣ ಕಟ್ಟಿದಾಗ ಎರಡು ಅಂಶಗಳು ಕಂಡುಬಂದವು. ಮೊದಲನೆಯದಾಗಿ, ನರಕೋಶಗಳ ಒಳಗೆ ದಪ್ಪನೆಯ ಎಳೆಗಳು ಗಂಟುಗಂಟಾಗಿ ಹೆಣೆದುಕೊಂಡಿದ್ದವು. ಕೆಲವೆಡೆ ಕೋಶವೇ ನಾಶವಾಗಿ ಗಂಟು ಮಾತ್ರ ಉಳಿದಿತ್ತು. ಮಿದುಳಿನ ಹೊರಪದರದ ನರಕೋಶಗಳಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಹೀಗಾಗಿದ್ದವು. ಎರಡನೆಯದಾಗಿ, ಕೋಶಗಳ ನಡುವಿನ ಜಾಗದಲ್ಲಿ ವಿಚಿತ್ರ ಪದಾರ್ಥವೊಂದು ಸಣ್ಣ ಸಣ್ಣ ಕಲೆಗಳ ರೂಪದಲ್ಲಿ ಶೇಖರವಾಗಿತ್ತು.

1906ರ ನವೆಂಬರ್ ತಿಂಗಳಿನಲ್ಲಿ ಟ್ಯೂಬಿಂಗೆನ್‌ನಲ್ಲಿ ನಡೆದ ನೈರುತ್ಯ ಜರ್ಮನಿಯ ಮನೋವೈದ್ಯರ 37ನೇ ಸಮ್ಮೇಳನದಲ್ಲಿ ಆಲ್ಝೈಮರ್ ಅವರು ಈ ಪ್ರಕರಣವನ್ನು ಮಂಡಿಸಿದರು. ಸಭಿಕರಲ್ಲಿ ಯಾರೊಬ್ಬರೂ ಪ್ರಶ್ನೆ ಕೇಳಲಿಲ್ಲ, ಚರ್ಚೆಯೂ ನಡೆಯಲಿಲ್ಲ. ಮರುವರ್ಷ ಕೆಲವೇ ಪುಟಗಳ ಲೇಖನವಾಗಿ ಅದು ಪ್ರಕಟಗೊಂಡಿತು.

ಕಾಯಿಲೆಗೆ ಹೆಸರು ಬಂದ ಬಗೆ

1910ರಲ್ಲಿ ಪ್ರಕಟವಾದ ತಮ್ಮ ಪಠ್ಯಪುಸ್ತಕದ ಎಂಟನೇ ಆವೃತ್ತಿಯಲ್ಲಿ ಕ್ರೆಪೆಲಿನ್ ಅವರು ಈ ಸ್ಥಿತಿಗೆ ಆಲ್ಝೈಮರ್ ಕಾಯಿಲೆ ಎಂಬ ಹೆಸರನ್ನು ನೀಡಿದರು. ಈ ಕ್ಷೇತ್ರದಲ್ಲಿ ಆಲ್ಝೈಮರ್ ಅವರೊಬ್ಬರೇ ದುಡಿದವರಲ್ಲ ಎಂಬುದನ್ನೂ ಇಲ್ಲಿ ಸ್ಮರಿಸುವುದು ಉಚಿತ. ಪ್ರಾಗ್ ನಗರದ ಆಸ್ಕರ್ ಫಿಷರ್ ಅವರು 1907ರಲ್ಲಿಯೇ ಮುಪ್ಪಿನ ಬುದ್ಧಿಕ್ಷಯವಿದ್ದ 12 ಮಂದಿಯ ಮಿದುಳಿನಲ್ಲಿ ಇಂತಹ ಕಲೆಗಳನ್ನು ವಿವರಿಸಿದ್ದರು. ಯಹೂದಿ ಮನೆತನದವರಾದ ಅವರು 1942ರಲ್ಲಿ ನಾಜಿಗಳ ಸೆರೆಯಲ್ಲಿ ಮರಣ ಹೊಂದಿದರು. ಅವರ ಹೆಸರು ಬಹುಕಾಲ ಮರೆಯಾಗಿಯೇ ಉಳಿಯಿತು.

ತಮ್ಮ ಹೆಸರಿನ ಕಾಯಿಲೆಯ ಬಗ್ಗೆ ಆಲ್ಝೈಮರ್ ಅವರಿಗೇ ಪೂರ್ಣ ನಿಶ್ಚಯವಿರಲಿಲ್ಲ. ಯೋಹಾನ್ ಎಫ್. ಎಂಬ 56 ವರ್ಷದ ಕೂಲಿಕಾರರೊಬ್ಬರು 1907ರಲ್ಲಿ ಮ್ಯೂನಿಕ್ ಚಿಕಿತ್ಸಾಲಯಕ್ಕೆ ದಾಖಲಾಗಿ 1910ರಲ್ಲಿ ನಿಧನರಾದರು. ಅವರ ಮಿದುಳಿನಲ್ಲಿ ಕಲೆಗಳಿದ್ದವೇ ಹೊರತು ಗಂಟುಗಳಿರಲಿಲ್ಲ. 1911ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದ ಆಲ್ಝೈಮರ್ ಅವರು, ಇದು ಪ್ರತ್ಯೇಕ ಕಾಯಿಲೆಯೋ ಅಥವಾ ಮುಪ್ಪಿನ ಬುದ್ಧಿಕ್ಷಯವೇ ಬೇಗನೆ ಬಂದ ಬಗೆಯೋ ಎಂದು ವಿವರವಾಗಿ ಚರ್ಚಿಸಿ, ಎರಡನೆಯ ಅಭಿಪ್ರಾಯದ ಕಡೆಗೆ ಒಲವು ತೋರಿದರು. ಕಂಡದ್ದಕ್ಕಿಂತ ಹೆಚ್ಚಿನದನ್ನು ಹೇಳದಿರುವುದು ಅವರ ಸ್ವಭಾವವಾಗಿತ್ತು.

ಅಂತಿಮ ದಿನಗಳು

1912ರಲ್ಲಿ ಆಲ್ಝೈಮರ್ ಅವರನ್ನು ಬ್ರೆಸ್ಲಾವ್ ವಿಶ್ವವಿದ್ಯಾಲಯದ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ಹಾಗೂ ಚಿಕಿತ್ಸಾಲಯದ ನಿರ್ದೇಶಕರನ್ನಾಗಿ ನೇಮಿಸಲಾಯಿತು. ಈ ನಗರ ಈಗ ವ್ರೊತ್ಸ್ವಾಫ್ ಎಂಬ ಹೆಸರಿನಿಂದ ಪೋಲೆಂಡ್ ದೇಶದಲ್ಲಿದೆ. ಹೊಸ ಹುದ್ದೆಗೆ ರೈಲಿನಲ್ಲಿ ಪ್ರಯಾಣಿಸುವಾಗಲೇ ಅವರು ಗಂಟಲಿನ ಸೋಂಕಿನಿಂದ ಅಸ್ವಸ್ಥರಾದರು. ಸೋಂಕು ಹೃದಯಕ್ಕೆ ವ್ಯಾಪಿಸಿತು. ಪೂರ್ಣ ಆರೋಗ್ಯ ಮರಳಲಿಲ್ಲವಾದರೂ ಬೋಧನೆ, ಚಿಕಿತ್ಸೆ ಮತ್ತು ಆಡಳಿತದ ಕೆಲಸಗಳನ್ನು ಅವರು ಬಿಡಲಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಯುದ್ಧದ ನಡುವೆಯೇ, 1915ರ ಡಿಸೆಂಬರ್ 19ರಂದು ಅವರು ನಿಧನರಾದರು. ಆಗ ಅವರಿಗೂ 51 ವರ್ಷ ವಯಸ್ಸು. ಅವರ ಪಾರ್ಥಿವ ಶರೀರವನ್ನು ಫ್ರಾಂಕ್‌ಫರ್ಟ್‌ನ ಮುಖ್ಯ ಸ್ಮಶಾನದಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲಿ ಸಮಾಧಿ ಮಾಡಲಾಯಿತು. ಮಾರ್ಕ್ಟ್‌ಬ್ರೈಟ್‌ನಲ್ಲಿ ಅವರು ಜನಿಸಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ನಂತರದ ಬೆಳವಣಿಗೆಗಳು: ಕೋಶಗಳಲ್ಲಿ ನಡೆಯುವುದೇನು

ಆಲ್ಝೈಮರ್ ಅವರು ಕಂಡ ಕಲೆಗಳು ಮತ್ತು ಗಂಟುಗಳು ಯಾವ ಪದಾರ್ಥದಿಂದ ಆಗಿವೆ ಎಂಬುದು ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು. ಅಲ್ಲಿಯವರೆಗೆ ಈ ಹೆಸರನ್ನು 65 ವರ್ಷದೊಳಗಿನ ಅಪರೂಪದ ರೋಗಿಗಳಿಗೆ ಮಾತ್ರ ಬಳಸಲಾಗುತ್ತಿತ್ತು. 1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ವೈದ್ಯರು ವೃದ್ಧರ ಮಿದುಳುಗಳನ್ನು ಪರೀಕ್ಷಿಸಿ, ವಯಸ್ಸಾದವರ ಮರೆವಿನಲ್ಲಿಯೂ ಬಹುಪಾಲು ಇದೇ ಬದಲಾವಣೆಗಳಿರುತ್ತವೆ ಎಂದು ತೋರಿಸಿದರು. ಅರಳುಮರಳು ಎಂದು ಕರೆಯಲಾಗುತ್ತಿದ್ದುದರಲ್ಲಿ ದೊಡ್ಡ ಪಾಲು ಒಂದು ಕಾಯಿಲೆ ಎಂಬುದು ಇದರಿಂದ ಖಚಿತವಾಯಿತು.

1984ರಲ್ಲಿ ಅಮೆರಿಕದ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಅವರು ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ತುಣುಕನ್ನು ಪ್ರತ್ಯೇಕಿಸಿದರು. ಕಲೆಗಳ ತಿರುಳು ಇದರಿಂದಲೇ ಆಗಿದೆ. ನರಕೋಶದ ಹೊರಪೊರೆಯಲ್ಲಿರುವ ಒಂದು ದೊಡ್ಡ ಪ್ರೋಟೀನನ್ನು ಎರಡು ಕಿಣ್ವಗಳು ಕತ್ತರಿಸಿದಾಗ ಈ ತುಣುಕು ಹೊರಬೀಳುತ್ತದೆ. ಸಾಮಾನ್ಯವಾಗಿ ಅದು ತೊಳೆದುಹೋಗುತ್ತದೆ. ಹೆಚ್ಚು ಉತ್ಪತ್ತಿಯಾದಾಗ ಅಥವಾ ವಿಲೇವಾರಿ ಸರಿಯಾಗಿ ಆಗದಿದ್ದಾಗ ಒಂದಕ್ಕೊಂದು ಅಂಟಿಕೊಂಡು ಕಲೆಗಳಾಗುತ್ತದೆ. ಗಂಟುಗಳಲ್ಲಿರುವುದು ಟೌ ಎಂಬ ಬೇರೊಂದು ಪ್ರೋಟೀನ್. ನರಕೋಶದೊಳಗೆ ಸಾಮಗ್ರಿಗಳು ಸಾಗುವ ಸೂಕ್ಷ್ಮ ಕೊಳವೆಗಳನ್ನು ಬಿಗಿಯಾಗಿ ಹಿಡಿದಿಡುವುದು ಇದರ ಕೆಲಸ. ಇದಕ್ಕೆ ಫಾಸ್ಫೇಟ್ ಅಂಶಗಳು ಮಿತಿಮೀರಿ ಸೇರಿಕೊಂಡಾಗ ಅದು ಕೊಳವೆಗಳಿಂದ ಕಳಚಿ ಗಂಟಾಗುತ್ತದೆ. ಸಾಗಣೆ ನಿಂತು ಕೋಶ ಸಾಯುತ್ತದೆ. ಒಮ್ಮೆ ಸತ್ತ ನರಕೋಶದ ಸ್ಥಾನವನ್ನು ಹೊಸ ಕೋಶ ತುಂಬುವುದಿಲ್ಲವೆಂಬುದೇ ಈ ಕಾಯಿಲೆಯ ಗಂಭೀರತೆಗೆ ಕಾರಣ. ಅಮೈಲಾಯ್ಡ್ ಶೇಖರಣೆಯು ಮರೆವು ಕಾಣಿಸಿಕೊಳ್ಳುವ 15–20 ವರ್ಷಗಳ ಮೊದಲೇ ಆರಂಭವಾಗಿರುತ್ತದೆ ಎಂದು ಈಗ ತಿಳಿದುಬಂದಿದೆ.

ಆಲ್ಝೈಮರ್ ಅವರ ಶಿಷ್ಯರ ಹೆಸರುಗಳೂ ಇದೇ ಬಗೆಯ ಕಾಯಿಲೆಗಳೊಂದಿಗೆ ಸೇರಿಕೊಂಡಿವೆ. ಫ್ರಿಟ್ಜ್ ಲೆವಿ ಅವರು ಪಾರ್ಕಿನ್ಸನ್ ರೋಗಿಗಳ ನರಕೋಶಗಳಲ್ಲಿ ಗುಂಡನೆಯ ಕಣಗಳನ್ನು 1912ರಲ್ಲಿ ವಿವರಿಸಿದರು. ಅವು ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನಿನಿಂದಾದವು ಎಂಬುದು 1997ರಲ್ಲಿ ಗೊತ್ತಾಯಿತು. ಕ್ರೂಟ್ಜ್‌ಫೆಲ್ಟ್ ಮತ್ತು ಯಾಕೋಬ್ ಅವರ ಹೆಸರಿನ ಕಾಯಿಲೆಗೆ ಪ್ರಿಯಾನ್ ಎಂಬ ಪ್ರೋಟೀನ್ ಕಾರಣ. ಪ್ರೋಟೀನ್ ಬೇರೆ ಬೇರೆಯಾದರೂ, ಸರಿಯಾಗಿ ಮಡಚಿಕೊಳ್ಳದೆ ಗುಡ್ಡೆಗಟ್ಟಿ ನರಕೋಶಕ್ಕೆ ಹಾನಿ ಮಾಡುವ ರೀತಿ ಈ ಕಾಯಿಲೆಗಳಲ್ಲೆಲ್ಲ ಸಮಾನವಾಗಿದೆ.

ವಂಶವಾಹಿಗಳ ಪಾತ್ರ

ತಂದೆ ಅಥವಾ ತಾಯಿಗೆ ಈ ಕಾಯಿಲೆ ಇದ್ದಲ್ಲಿ ಮಕ್ಕಳಿಗೂ ಬರುವುದೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವನ್ನು ಎರಡು ಭಾಗಗಳಲ್ಲಿ ತಿಳಿಯಬೇಕಾಗುತ್ತದೆ.

ಮೊದಲನೆಯದು, ನೇರವಾಗಿ ವಂಶಪಾರಂಪರ್ಯವಾಗಿ ಬರುವ ಅಪರೂಪದ ಬಗೆ. ಅಮೈಲಾಯ್ಡ್‌ನ ಮೂಲ ಪ್ರೋಟೀನಿನ ವಂಶವಾಹಿ 21ನೇ ವರ್ಣತಂತುವಿನಲ್ಲಿದ್ದು, ಅದರಲ್ಲಿನ ದೋಷದಿಂದ ಕಾಯಿಲೆ ಬರುವುದನ್ನು 1991ರಲ್ಲಿ ಲಂಡನ್ನಿನ ಸಂಶೋಧಕರು ಪತ್ತೆ ಹಚ್ಚಿದರು. 1995ರಲ್ಲಿ ಪ್ರೆಸೆನಿಲಿನ್ 1 ಮತ್ತು ಪ್ರೆಸೆನಿಲಿನ್ 2 ಎಂಬ ಮತ್ತೆರಡು ವಂಶವಾಹಿಗಳು ಪತ್ತೆಯಾದವು. ಈ ಮೂರರಲ್ಲಿ ಒಂದರಲ್ಲಿ ದೋಷವಿದ್ದವರಿಗೆ ಕಾಯಿಲೆಯು ಸಾಮಾನ್ಯವಾಗಿ 65 ವರ್ಷಕ್ಕೆ ಮುನ್ನವೇ ಬರುತ್ತದೆ. ಅವರ ಪ್ರತಿಯೊಂದು ಮಗುವಿಗೂ ದೋಷ ದಾಟುವ ಸಂಭವ ಶೇಕಡ 50ರಷ್ಟಿರುತ್ತದೆ. ಒಟ್ಟು ರೋಗಿಗಳಲ್ಲಿ ಇಂತಹವರ ಪ್ರಮಾಣ ಶೇಕಡ 1ಕ್ಕಿಂತ ಕಡಿಮೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತುವಿನ ಮೂರು ಪ್ರತಿಗಳಿರುವುದರಿಂದ ಅವರಿಗೂ ಈ ಕಾಯಿಲೆ ಬೇಗನೆ ಬರುವ ಸಂಭವ ಹೆಚ್ಚು.

ಎರಡನೆಯದು, ಸಾಮಾನ್ಯವಾಗಿ ಮುಪ್ಪಿನಲ್ಲಿ ಬರುವ ಬಗೆ. ಇಲ್ಲಿ ವಂಶವಾಹಿಗಳು ಅಪಾಯವನ್ನು ಹೆಚ್ಚಿಸುತ್ತವೆಯೇ ಹೊರತು ನಿಶ್ಚಯಿಸುವುದಿಲ್ಲ. 1993ರಲ್ಲಿ ಗುರುತಿಸಲಾದ ಎಪೋಇ ವಂಶವಾಹಿಯ 4ನೇ ಬಗೆ ಇವುಗಳಲ್ಲಿ ಮುಖ್ಯವಾದುದು. ಅದರ ಒಂದು ಪ್ರತಿ ಇದ್ದವರಿಗೆ ಅಪಾಯ ಹೆಚ್ಚು, ಎರಡು ಪ್ರತಿ ಇದ್ದವರಿಗೆ ಮತ್ತಷ್ಟು ಹೆಚ್ಚು. ಆದರೂ ಅದನ್ನು ಹೊಂದಿದ ಅನೇಕರು ಕಾಯಿಲೆ ಇಲ್ಲದೆಯೇ ಬಾಳುತ್ತಾರೆ, ಅದಿಲ್ಲದವರಿಗೂ ಕಾಯಿಲೆ ಬರುವುದುಂಟು.

ಆಗುಸ್ಟ ಡೀಟರ್ ಅವರಿಗೆ ಕಾಯಿಲೆ ಬಂದ ಕಾರಣವನ್ನು ತಿಳಿಯಲು ಸಹ ಪ್ರಯತ್ನಗಳು ನಡೆದಿವೆ. ಕಳೆದುಹೋಗಿತ್ತೆಂದು ಭಾವಿಸಲಾಗಿದ್ದ ಆಕೆಯ ಚಿಕಿತ್ಸಾ ಕಡತವು 1995ರ ಡಿಸೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಪತ್ತೆಯಾಯಿತು. ನೀಲಿ ಹೊದಿಕೆಯ ಆ ಕಡತದಲ್ಲಿ ಆಲ್ಝೈಮರ್ ಅವರ ಹಸ್ತಾಕ್ಷರದ ಟಿಪ್ಪಣಿಗಳೂ, ಆಕೆ ಹೆಸರು ಬರೆಯಲು ಪ್ರಯತ್ನಿಸಿದ ಕಾಗದವೂ ಇದ್ದವು. ಆಕೆಯ ಮಿದುಳಿನ ಗಾಜಿನ ಫಲಕಗಳು ಅದೇ ದಶಕದಲ್ಲಿ ಮ್ಯೂನಿಕ್‌ನಲ್ಲಿ ದೊರೆತವು. 2013ರಲ್ಲಿ ಪ್ರಕಟವಾದ ವರದಿಯೊಂದು ಆಕೆಯಲ್ಲಿ ಪ್ರೆಸೆನಿಲಿನ್ 1 ದೋಷವಿತ್ತೆಂದು ತಿಳಿಸಿತು. 2014ರಲ್ಲಿ ಬೇರೊಂದು ತಂಡ ನಡೆಸಿದ ಪರೀಕ್ಷೆಯಲ್ಲಿ ಅದು ಕಂಡುಬರಲಿಲ್ಲ. ಆದ್ದರಿಂದ ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಇಂದಿನ ಸ್ಥಿತಿ

ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ಸುಮಾರು 88 ಲಕ್ಷ ಮಂದಿಗೆ, ಅಂದರೆ ಶೇಕಡ 7.4ರಷ್ಟು ಜನರಿಗೆ, ಆಲ್ಝೈಮರ್ ಸೇರಿದಂತೆ ವಿವಿಧ ಬಗೆಯ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವು ಅಂದಾಜು ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ದಾನವಾಗಿ ಪಡೆದ ಮಿದುಳುಗಳನ್ನು ಸಂಶೋಧನೆಗಾಗಿ ಸಂರಕ್ಷಿಸುವ ಮಿದುಳು ಬ್ಯಾಂಕ್ ಕಾರ್ಯನಿರ್ವಹಿಸುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ 45 ವರ್ಷ ಮೇಲ್ಪಟ್ಟವರ ಮಿದುಳಿನ ಆರೋಗ್ಯವನ್ನು ದೀರ್ಘಕಾಲ ಅಧ್ಯಯನ ಮಾಡುವ ಯೋಜನೆಯನ್ನು ಕೈಗೊಂಡಿದೆ. ಯೂರೋಪ್ ಮತ್ತು ಅಮೆರಿಕದ ಜನರ ಅಂಕಿಅಂಶಗಳನ್ನೇ ಅವಲಂಬಿಸದೆ, ನಮ್ಮ ಜನರಲ್ಲಿನ ಕಾರಣಗಳನ್ನು ನಮ್ಮಲ್ಲಿಯೇ ತಿಳಿಯಲು ಇಂತಹ ಅಧ್ಯಯನಗಳು ನೆರವಾಗುತ್ತವೆ.

ಕಾಯಿಲೆಯನ್ನು ಪೂರ್ಣ ಗುಣಪಡಿಸುವ ಔಷಧ ಇಲ್ಲ. ಅಮೈಲಾಯ್ಡನ್ನು ತೆಗೆದುಹಾಕುವ ಲೆಕಾನೆಮ್ಯಾಬ್ ಔಷಧಕ್ಕೆ 2023ರಲ್ಲಿ, ಡೊನಾನೆಮ್ಯಾಬ್ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ದೊರೆತಿದೆ. ಅವು ಆರಂಭಿಕ ಹಂತದಲ್ಲಿ ಕಾಯಿಲೆಯ ವೇಗವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆ. ಮಿದುಳಿನಲ್ಲಿ ಊತ ಮತ್ತು ರಕ್ತಸ್ರಾವದ ಅಪಾಯವಿರುವುದರಿಂದ ತಜ್ಞರ ನಿಗಾ ಅಗತ್ಯ. ವಂಶವಾಹಿಗಳನ್ನು ಬದಲಾಯಿಸಲಾಗದಿದ್ದರೂ ಅಧಿಕ ರಕ್ತದೊತ್ತಡ, ಮಧುಮೇಹ, ಧೂಮಪಾನ, ಕಿವುಡುತನ, ಒಂಟಿತನ ಮುಂತಾದವನ್ನು ಸಕಾಲದಲ್ಲಿ ನಿಭಾಯಿಸಿದಲ್ಲಿ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇಕಡ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಅಭಿಪ್ರಾಯಪಟ್ಟಿದೆ.

ಸಾರ್ವಜನಿಕರ ಗಮನಕ್ಕೆ

ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪರಿಚಿತ ದಾರಿಯಲ್ಲಿ ಕಳೆದುಹೋಗುವುದು, ಹಣದ ಲೆಕ್ಕ ತಪ್ಪುವುದು, ಮನೆಯವರ ಮೇಲೆ ವಿನಾಕಾರಣ ಅನುಮಾನ ಪಡುವುದು ಕಂಡುಬಂದಲ್ಲಿ ಅದನ್ನು ಹಟ ಅಥವಾ ಸೋಗು ಎಂದು ಭಾವಿಸದೆ ವೈದ್ಯರ ಬಳಿ ಕರೆದೊಯ್ಯಬೇಕು. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಮುಂತಾದ ಚಿಕಿತ್ಸೆಗೆ ಬಗ್ಗುವ ಕಾರಣಗಳಿಂದಲೂ ಮರೆವು ಬರಬಹುದಾದ್ದರಿಂದ ಪರೀಕ್ಷೆ ಅತ್ಯವಶ್ಯ. ಹಿರಿಯ ನಾಗರಿಕರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಿ ಮಾರ್ಗದರ್ಶನ ಪಡೆಯಬಹುದು.

ಪಿಂಚಣಿಗಾಗಿ, ಗುರುತಿನ ಚೀಟಿಗಾಗಿ ಕಚೇರಿಗೆ ಬರುವ ಹಿರಿಯರಲ್ಲಿ ಕೆಲವರಿಗೆ ತಮ್ಮ ಸಹಿಯೇ ಹಿಂದಿನಂತೆ ಬಾರದಿರಬಹುದು, ಹುಟ್ಟಿದ ದಿನಾಂಕ ನೆನಪಾಗದಿರಬಹುದು. ಅಂತಹವರ ಜೊತೆಯಲ್ಲಿ ಬರುವವರು ದಾಖಲೆಗಳನ್ನು ಸಿದ್ಧವಾಗಿಟ್ಟುಕೊಂಡು, ಅವಸರಪಡಿಸದೆ ನೆರವಾಗುವುದು ಒಳ್ಳೆಯದು. ಹೆಸರಿನ ಮೊದಲ ಪದವನ್ನು ಬರೆದು ಮುಂದಿನದನ್ನು ಮರೆತ ಮಹಿಳೆಗೆ ಡಾ. ಆಲ್ಝೈಮರ್ ಅವರು ಒಂದೊಂದೇ ಪದವನ್ನು ಹೇಳಿಕೊಟ್ಟು ಬರೆಸಿದರು. ಆ ಕಾಗದ ಇಂದಿಗೂ ಉಳಿದಿದೆ.